ಇಂಗಾಲದ ಡೈಆಕ್ಸೈಡ್: ಕಸವೋ, ಕಚ್ಚಾವಸ್ತುವೋ?

ದೀಪಾವಳಿ ದಾಟುತ್ತಿದ್ದಂತೆ ನಮ್ಮ ಭಾಗದ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರುಗಳ ಪಾಲಾಗುತ್ತವೆ. ಮುಧೋಳದ ನಿರಾಣಿ, ಸಮೀರವಾಡಿಯ ಗೋದಾವರಿ, ಹಿರೇಪಡಸಲಗಿಯ ಜಮಖಂಡಿ ಶುಗರ್ಸ್, ಸಿದ್ದಾಪುರದ ಪ್ರಭುಲಿಂಗೇಶ್ವರ, ಬಾಡಗಂಡಿಯ ಬೀಳಗಿ ಶುಗರ್ಸ್: ಯಾವ ದಿಕ್ಕಿನಿಂದ ಕಾಲೇಜಿಗೆ ಬಂದರೂ ದಾರಿಯಲ್ಲಿ ಒಂದು ಚಿಮಣಿ ಕಾಣದೆ ಇರುವುದಿಲ್ಲ. ಹಸಿರುಮನೆ ಅನಿಲಗಳ ಪಾಠ ಮಾಡುವಾಗ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ಆ ಹೊಗೆಯನ್ನೇ ಹಿಡಿದು ಏನಾದರೂ ಉಪಯೋಗದ ವಸ್ತು ಮಾಡಲಿಕ್ಕೆ ಬರುವುದಿಲ್ಲವೇ?" ಎಂದು ಕೇಳಿದಳು. ಬರುತ್ತದೆ ಎಂದೆ. ಅಷ್ಟರಲ್ಲಿ ಬೆಲ್ ಆಯಿತು. ಆದರೆ ಆ ಪ್ರಶ್ನೆಗೆ ಒಂದೇ ಶಬ್ದದ ಉತ್ತರ ಸಾಲದು. ಪತ್ರಿಕೆಯ ಸಂಪಾದಕ ವಿದ್ಯಾರ್ಥಿಗಳು ಜಾಗ ಕೊಟ್ಟಿದ್ದಾರೆ, ಹೀಗಾಗಿ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಚಿಮಣಿಯ ಮೇಲೆ ಕಾಣುವ ಬಿಳಿ ಮೋಡದ ಬಹುಪಾಲು ನೀರಾವಿ. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ಬಾಯ್ಲರಿನಲ್ಲಿ ಬಗ್ಯಾಸ್ ಉರಿದಾಗ ಬರುವ ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಹನ್ನೆರಡರಿಂದ ಹದಿನೈದರಷ್ಟು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ನೈಟ್ರೋಜನ್, ಅದರೊಂದಿಗೆ ನೀರಾವಿ, ಸ್ವಲ್ಪ ಆಕ್ಸಿಜನ್, ಬೂದಿ. ಬೇಕಾದ ಅನಿಲವನ್ನು ಈ ಗುಂಪಿನಿಂದ ಹೆಕ್ಕಿ ತೆಗೆಯುವುದು ಸುಲಭದ ಕೆಲಸವಲ್ಲ.

ಅದೇ ಕಾರ್ಖಾನೆಯ ಆವರಣದಲ್ಲಿ ಇನ್ನೊಂದು ಜಾಗವಿದೆ. ಡಿಸ್ಟಿಲರಿ ಇದ್ದಲ್ಲೆಲ್ಲ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಕಾಕಂಬಿಗೋ ಕಬ್ಬಿನ ಹಾಲಿಗೋ ಯೀಸ್ಟ್ ಸೇರಿಸಿ ಹುದುಗಲು ಬಿಡುತ್ತಾರೆ. ದೋಸೆ ಹಿಟ್ಟು ರಾತ್ರಿಯಲ್ಲಿ ಉಬ್ಬುವುದನ್ನು ನೀವು ಮನೆಯಲ್ಲಿ ನೋಡಿದ್ದೀರಿ. ಆ ಟ್ಯಾಂಕಿನಲ್ಲೂ ನೊರೆ ಉಕ್ಕುತ್ತದೆ, ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಯಲ್ಲಿರುವುದು ಹೆಚ್ಚೂಕಡಿಮೆ ಶುದ್ಧ ಇಂಗಾಲದ ಡೈಆಕ್ಸೈಡ್. ನೀರಾವಿಯನ್ನು ಬಿಟ್ಟು ನೋಡಿದರೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ಅದೇ. ಚಿಮಣಿ ಎತ್ತರದಲ್ಲಿದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಟ್ಯಾಂಕಿನ ಪೈಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ ಎನ್ನುವುದು ನನ್ನ ಅಭಿಪ್ರಾಯ.

ಎಷ್ಟು ಸಿಗುತ್ತದೆ? ಇದಕ್ಕೆ ಕಾರ್ಖಾನೆಗೆ ಹೋಗಿ ಕೇಳಬೇಕಾಗಿಲ್ಲ, ಪ್ರಥಮ ಪಿಯುಸಿಯ ಮೋಲ್ ಲೆಕ್ಕ ಸಾಕು. ಗ್ಲೂಕೋಸಿನ ಒಂದು ಅಣು ಒಡೆದು ಎಥನಾಲಿನ ಎರಡು ಅಣು, ಇಂಗಾಲದ ಡೈಆಕ್ಸೈಡಿನ ಎರಡು ಅಣು ಆಗುತ್ತವೆ. ಅಂದರೆ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥನಾಲ್, 88 ಗ್ರಾಂ ಅನಿಲ. ಒಂದು ಲೀಟರ್ ಎಥನಾಲಿನ ತೂಕ 789 ಗ್ರಾಂ. ತ್ರೈರಾಶಿ ಹಾಕಿ ನೋಡಿ: ಪ್ರತಿ ಲೀಟರ್ ಎಥನಾಲಿನ ಜೊತೆ ಸುಮಾರು 755 ಗ್ರಾಂ ಅನಿಲ ಹುಟ್ಟುತ್ತದೆ. ಮೋಲಿಗೆ 22.4 ಲೀಟರ್ ಹಿಡಿದರೆ ಅದು 384 ಲೀಟರ್ ಗಾತ್ರದ ಅನಿಲ. ದಿನಕ್ಕೆ ಒಂದು ಲಕ್ಷ ಲೀಟರ್ ಎಥನಾಲ್ ತಯಾರಿಸುವ ಡಿಸ್ಟಿಲರಿಯಲ್ಲಿ ದಿನಕ್ಕೆ 75 ಟನ್. ನಾವು ದುಡ್ಡು ಕೊಟ್ಟು ಕಬ್ಬು ಬೆಳೆಸಿ, ಅದರ ಸಕ್ಕರೆಯ ಅರ್ಧ ತೂಕವನ್ನು ಗಾಳಿಗೆ ಬಿಡುತ್ತೇವೆ ಎಂದು ಇದನ್ನು ಬೇರೆ ರೀತಿಯಲ್ಲೂ ಹೇಳಬಹುದು.

ಕೇಂದ್ರ ಪರಿಸರ ಸಚಿವಾಲಯಕ್ಕೂ ಈ ಲೆಕ್ಕ ಗೊತ್ತಿದೆ. ಡಿಸ್ಟಿಲರಿಗಳಿಗೆ ಪರಿಸರ ಅನುಮತಿ ಕೊಡುವಾಗ, ಹುದುಗುವಿಕೆಯಲ್ಲಿ ಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಿಲಿಂಡರಿಗೆ ತುಂಬಬೇಕು ಅಥವಾ ಡ್ರೈ ಐಸ್ ಮಾಡಿ ಮಾರಬೇಕು ಎನ್ನುವ ಷರತ್ತನ್ನು ಅದು ಸಾಮಾನ್ಯವಾಗಿ ಹಾಕುತ್ತದೆ. ಮುಧೋಳ ಮೂಲದ ನಿರಾಣಿ ಸಮೂಹಕ್ಕೆ ಸೇರಿದ ಟ್ರುಆಲ್ಟ್ ಬಯೋಎನರ್ಜಿಯ ಉತ್ಪನ್ನಗಳಲ್ಲಿ ದ್ರವರೂಪದ ಇಂಗಾಲದ ಡೈಆಕ್ಸೈಡ್ ಮತ್ತು ಡ್ರೈ ಐಸ್ ಕೂಡ ಇವೆ. ಆದ್ದರಿಂದ ಇದು ಯಾವುದೋ ದೂರದ ದೇಶದ ಪ್ರಯೋಗಶಾಲೆಯ ಮಾತಲ್ಲ.

ಹೊಸ ಮಾತೂ ಅಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿಗೆ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಂದರು. ಮುಂದೆ ಆಕ್ಸಿಜನ್ ಕಂಡುಹಿಡಿದವರಲ್ಲಿ ಒಬ್ಬರೆಂದು ನೀವು ಓದುವ ಪ್ರೀಸ್ಟ್ಲಿ ಇವರೇ. ಅವರ ಮನೆಯ ಪಕ್ಕದಲ್ಲಿ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿ ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಗಾಳಿಯಲ್ಲಿ ಉರಿಯುವ ಕಡ್ಡಿ ಆರಿಹೋಗುವುದನ್ನು ಗಮನಿಸಿದರು. ಆ ಗಾಳಿಯನ್ನು ನೀರಿಗೆ ಬೆರೆಸಿ ಕುಡಿದು ನೋಡಿದರು, ರುಚಿ ಹಿಡಿಸಿತು. 1772ರಲ್ಲಿ ಅದನ್ನು ಮಾಡುವ ವಿಧಾನವನ್ನು ಅಚ್ಚು ಹಾಕಿಸಿದರು. ಜಮಖಂಡಿ ಸಂತೆಯಲ್ಲಿ ಬೇಸಿಗೆಗೆ ನೀವು ಕುಡಿಯುವ ನಿಂಬೆ ಸೋಡಾದ ಮೂಲ ಅಲ್ಲಿದೆ. ಹಿಡಿದ ಇಂಗಾಲದ ಡೈಆಕ್ಸೈಡಿನಿಂದ ಮಾಡಿದ ಮೊದಲ ಪೇಯ ಹುಟ್ಟಿದ್ದೇ ಹುದುಗುವ ತೊಟ್ಟಿಯ ಗಾಳಿಯಿಂದ.

ಇಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವ ಪ್ರಶ್ನೆಯನ್ನು ನಾನು ದಾಟಿ ಹೋಗಲಾರೆ: "ಡಿಸ್ಟಿಲರಿಯಿಂದ ಬಂದ ಗ್ಯಾಸನ್ನು ಸೋಡಾಕ್ಕೆ ಹಾಕಿದರೆ ಇಫ್ತಾರಿನಲ್ಲಿ ಕುಡಿಯಬಹುದೇ ಮೇಡಂ?" ಹಲಾಲ್, ಹರಾಮ್ ತೀರ್ಮಾನ ಹೇಳುವ ವಿದ್ಯೆ ನನ್ನದಲ್ಲ. ಅದನ್ನು ಆಲಿಮರಲ್ಲಿ ಕೇಳಿ. ಕೇಳುವ ಮೊದಲು ರಸಾಯನಶಾಸ್ತ್ರ ಏನು ಹೇಳುತ್ತದೆ ಎನ್ನುವುದು ಗೊತ್ತಿದ್ದರೆ ಪ್ರಶ್ನೆಯನ್ನು ಸರಿಯಾಗಿ ಕೇಳಲಿಕ್ಕಾಗುತ್ತದೆ. ಟ್ಯಾಂಕಿನಿಂದ ಹೊರಟ ಅನಿಲದಲ್ಲಿ ಸ್ವಲ್ಪ ಎಥನಾಲ್ ಆವಿ ಮತ್ತು ವಾಸನೆಯ ಕೆಲವು ಸಂಯುಕ್ತಗಳು ಇರುತ್ತವೆ. ಮೊದಲು ನೊರೆ ತಡೆಯುತ್ತಾರೆ. ಆಮೇಲೆ ಅನಿಲವನ್ನು ನೀರಿನ ಧಾರೆಯ ಕೆಳಗೆ ಹಾಯಿಸುತ್ತಾರೆ. ಎಥನಾಲ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಅಲ್ಲಿಯೇ ಉಳಿಯುತ್ತದೆ. ಬಳಿಕ ಸಕ್ರಿಯ ಇದ್ದಿಲಿನ ಗೋಪುರ ಉಳಿದ ವಾಸನೆಯನ್ನು ಹೀರುತ್ತದೆ. ಒಣಗಿಸಿ, ಒತ್ತಡ ಹಾಕಿ, ಶೂನ್ಯದ ಕೆಳಗೆ ಇಪ್ಪತ್ತು ಮೂವತ್ತು ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದಾಗ ಅನಿಲ ದ್ರವವಾಗುತ್ತದೆ. ಕೊನೆಗೆ ಉಳಿಯುವ ಅಣುವಿನಲ್ಲಿ ಒಂದು ಕಾರ್ಬನ್, ಎರಡು ಆಕ್ಸಿಜನ್. ನೀವು ಈ ಲೇಖನ ಓದುತ್ತಾ ಹೊರಬಿಡುವ ಉಸಿರಿನಲ್ಲಿರುವುದೂ ಅದೇ ಅಣು.

ಸೋಡಾ ಸರಿ, ಆದರೆ ಎಷ್ಟು ಸೋಡಾ? ಒಂದು ಲೀಟರ್ ಸೋಡಾದಲ್ಲಿ ಸುಮಾರು 7 ಗ್ರಾಂ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆ 75 ಟನ್ ಅನಿಲಕ್ಕೆ ದಿನಕ್ಕೆ ಒಂದು ಕೋಟಿ ಲೀಟರಿಗೂ ಹೆಚ್ಚು ಸೋಡಾ ಮಾಡಬೇಕಾಗುತ್ತದೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಪ್ರತಿಯೊಬ್ಬರೂ ದಿನಕ್ಕೆ ಐದು ಲೀಟರ್ ಸೋಡಾ ಕುಡಿದರೂ ಒಂದೇ ಡಿಸ್ಟಿಲರಿಯ ಗ್ಯಾಸ್ ಮುಗಿಯುವುದಿಲ್ಲ! ಬೆಂಕಿ ಆರಿಸುವ ಸಿಲಿಂಡರ್ (ನಮ್ಮ ಲ್ಯಾಬಿನ ಬಾಗಿಲ ಹತ್ತಿರ ಇರುವಂಥದ್ದು), ವೆಲ್ಡಿಂಗ್ ಅಂಗಡಿ, ಔಷಧ ಮತ್ತು ಮೀನು ಸಾಗಿಸಲು ಬೇಕಾದ ಡ್ರೈ ಐಸ್ ಎಲ್ಲ ಸೇರಿದರೂ ಬೇಡಿಕೆಗೆ ಮಿತಿ ಇದೆ. ಜಗತ್ತಿನ ಮಟ್ಟದಲ್ಲೂ ಇದೇ ಕಥೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಇಡೀ ಜಗತ್ತು ವರ್ಷಕ್ಕೆ ಬಳಸುವ ಇಂಗಾಲದ ಡೈಆಕ್ಸೈಡ್ ಸುಮಾರು 23 ಕೋಟಿ ಟನ್. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಸುಟ್ಟು ನಾವು ಹೊರಬಿಡುವುದು ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು. ನೂರರಲ್ಲಿ ಒಂದು ಪಾಲೂ ಬಳಕೆಯಾಗುತ್ತಿಲ್ಲ. "ಎಲ್ಲ ಹೊಗೆಯನ್ನೂ ವಸ್ತುವನ್ನಾಗಿ ಮಾಡಿಬಿಡುತ್ತೇವೆ" ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ಈ ಎರಡು ಅಂಕಿಗಳನ್ನು ನೆನಪಿಸಿಕೊಳ್ಳಿ.

ಹಾಗಾದರೆ ಯಾವ ಬಳಕೆ ನಿಜವಾಗಿ ಪರಿಸರಕ್ಕೆ ಒಳ್ಳೆಯದು? ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಾರ್ಬನ್ ಎಲ್ಲಿಂದ ಬಂತು? ಅದನ್ನು ಹಿಡಿದು ಬದಲಾಯಿಸುವ ಶಕ್ತಿ ಎಲ್ಲಿಂದ ಬಂತು? ಕೊನೆಗೆ ಆ ವಸ್ತುವಿನಲ್ಲಿ ಕಾರ್ಬನ್ ಎಷ್ಟು ದಿನ ನಿಲ್ಲುತ್ತದೆ?

ಮೊದಲನೆಯ ಪ್ರಶ್ನೆಗೆ ನಮ್ಮ ಡಿಸ್ಟಿಲರಿಯ ಗ್ಯಾಸ್ ಒಳ್ಳೆಯ ಉತ್ತರ ಕೊಡುತ್ತದೆ. ಕಬ್ಬು ಹನ್ನೆರಡು ತಿಂಗಳು ಹೊಲದಲ್ಲಿ ನಿಂತು ಗಾಳಿಯಿಂದ ಹೀರಿದ ಕಾರ್ಬನ್ ಅದು. ಗಾಳಿಗೆ ಮರಳಿದರೂ ಹಳೆಯ ಸಾಲ ತೀರಿದಂತೆ, ಹೊಸ ಸಾಲವಿಲ್ಲ. ನೆಲದಡಿಯಿಂದ ತೆಗೆದ ಕಲ್ಲಿದ್ದಲಿನ ಕಾರ್ಬನ್ ಹಾಗಲ್ಲ, ಅದು ಕೋಟ್ಯಂತರ ವರ್ಷ ಗಾಳಿಯ ಲೆಕ್ಕದಲ್ಲೇ ಇರಲಿಲ್ಲ. ಕಬ್ಬಿನ ಗ್ಯಾಸು ಪೂರ್ತಿ ಪಾಪರಹಿತ ಎಂದೇನಲ್ಲ. ಟ್ರ್ಯಾಕ್ಟರಿನ ಡೀಸೆಲ್, ಪಂಪ್‌ಸೆಟ್ಟಿನ ವಿದ್ಯುತ್, ಹೊಲಕ್ಕೆ ಹಾಕಿದ ಯೂರಿಯಾ ಎಲ್ಲವೂ ಅದರ ಹಿಂದಿವೆ. ಆದರೂ ಪೆಟ್ರೋಲಿಯಂ ಮೂಲದ ಗ್ಯಾಸಿನ ಜಾಗದಲ್ಲಿ ಇದನ್ನು ಬಳಸಿದರೆ ಅಷ್ಟರ ಮಟ್ಟಿಗೆ ಲಾಭವೇ.

ಈಗ ಚಿಮಣಿಗೆ ಬರೋಣ. ಇಂಗಾಲದ ಡೈಆಕ್ಸೈಡ್ ಆಮ್ಲೀಯ ಅನಿಲ. ಅದನ್ನು ಹಿಡಿಯುವ ಬಲೆ ಪ್ರತ್ಯಾಮ್ಲ, ಅಂದರೆ ಆಲ್ಕಲಿ. ಈ ಶಬ್ದ ಅರಬ್ಬಿಯ 'ಅಲ್-ಕಲೀ' ಇಂದ ಬಂದದ್ದು. ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳನ್ನು ಸುಟ್ಟಾಗ ಸಿಗುವ ಬೂದಿಗೆ ಆ ಹೆಸರಿತ್ತು. ಆ ಬೂದಿಯಿಂದ ಸಾಬೂನು, ಗಾಜು ಮಾಡುತ್ತಿದ್ದರು. ಇಂದಿನ ಕಾರ್ಖಾನೆಗಳಲ್ಲಿ ಬೂದಿಯ ಬದಲು ಅಮೀನ್ ದ್ರಾವಣ ಬಳಸುತ್ತಾರೆ. ಚಿಮಣಿಯ ಗಾಳಿಯನ್ನು ಅಮೀನ್ ಮೂಲಕ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಅದಕ್ಕೆ ಅಂಟಿಕೊಳ್ಳುತ್ತದೆ, ನೈಟ್ರೋಜನ್ ಹಾಗೇ ಹೊರಟುಹೋಗುತ್ತದೆ. ಆಮೇಲೆ ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಅಂಟಿದ್ದ ಅನಿಲ ಬಿಡುಗಡೆಯಾಗುತ್ತದೆ. ಅಮೀನನ್ನು ಮತ್ತೆ ಬಳಸಬಹುದು.

ಕೇಳಲು ಸರಳ. ಆದರೆ ಖರ್ಚು ಇರುವುದೇ ಆ ಕಾಯಿಸುವುದರಲ್ಲಿ. ಒಂದು ಟನ್ ಅನಿಲ ಬಿಡಿಸಲು ಮೂರರಿಂದ ನಾಲ್ಕು ಗಿಗಾಜೂಲ್ ಶಾಖ ಬೇಕು. ಹಸಿ ಬಗ್ಯಾಸ್ ಒಂದು ಟನ್ ಉರಿದರೆ ಏಳು ಚಿಲ್ಲರೆ ಗಿಗಾಜೂಲ್ ಸಿಗುತ್ತದೆ. ಅಂದರೆ ಒಂದು ಟನ್ ಹಿಡಿಯಲು ಅರ್ಧ ಟನ್ ಬಗ್ಯಾಸ್ ಉರಿಸಬೇಕು, ಅದು ಉರಿದಾಗಲೂ ಹೊಗೆ ಬರುತ್ತದೆ! ಹುದುಗು ಟ್ಯಾಂಕಿನ ಗ್ಯಾಸಿಗೆ ಈ ತಾಪತ್ರಯವಿಲ್ಲ. ಅದು ಮೊದಲೇ ಬೇರೆಯಾಗಿ ಬಂದಿರುತ್ತದೆ, ತೊಳೆದು ಒತ್ತಿದರೆ ಸಾಕು. ಮೊದಲು ಟ್ಯಾಂಕು, ಆಮೇಲೆ ಚಿಮಣಿ ಎಂದು ನಾನು ಹೇಳುವುದು ಇದಕ್ಕೇ.

ಆದರೂ ಚಿಮಣಿಯಿಂದ ಹಿಡಿದು ಬಳಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ತಮಿಳುನಾಡಿನ ತೂತುಕುಡಿಯಲ್ಲಿ ತೂತುಕುಡಿ ಆಲ್ಕಲಿ ಕೆಮಿಕಲ್ಸ್ ಎಂಬ ಕಾರ್ಖಾನೆ ಇದೆ. ಅದರ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕ 2016ರಲ್ಲಿ ಕೆಲಸ ಶುರುಮಾಡಿತು. ತಂತ್ರಜ್ಞಾನ ಕೊಟ್ಟದ್ದು ಖರಗ್‌ಪುರ ಐಐಟಿಯಲ್ಲಿ ಓದಿದ ಇಬ್ಬರು ಯುವಕರು ಕಟ್ಟಿದ ಕಾರ್ಬನ್ ಕ್ಲೀನ್ ಕಂಪನಿ. ಹಿಡಿದ ಅನಿಲದಿಂದ ಅಲ್ಲಿ ಸೋಡಾ ಆ್ಯಶ್ ಮಾಡುತ್ತಾರೆ. ಉಪ್ಪುನೀರು, ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಸೇರಿ ಸೋಡಿಯಂ ಬೈಕಾರ್ಬನೇಟ್ ಆಗುವ ಸಾಲ್ವೆ ವಿಧಾನ ನಿಮ್ಮ ಪಾಠದಲ್ಲೇ ಇದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಮೀಕರಣ ಒಂದು ಕಾರ್ಖಾನೆಯ ಹೊಗೆಯನ್ನು ಹಿಡಿದಿದೆ.

ಮೂರನೆಯ ಪ್ರಶ್ನೆಗೆ, ಕಾರ್ಬನ್ ಎಷ್ಟು ದಿನ ನಿಲ್ಲುತ್ತದೆ ಎನ್ನುವುದಕ್ಕೆ, ಉತ್ತರಗಳು ವಿಚಿತ್ರವಾಗಿವೆ. ಸೋಡಾ ಬಾಟಲಿಯ ಗೋಲಿ ಒತ್ತಿದ ಕೂಡಲೇ ಅನಿಲ ಗಾಳಿಗೆ ಹೋಯಿತು. ಬೇಕರಿಯಲ್ಲಿ ಅಡುಗೆ ಸೋಡಾ ಬಿಸಿಯಾದರೆ ಅದರಲ್ಲಿದ್ದದ್ದು ಕೇಕನ್ನು ಉಬ್ಬಿಸಿ ಹೊರಟಿತು. ಸೋಡಾ ಆ್ಯಶನ್ನು ಗಾಜಿನ ಕುಲುಮೆಗೆ ಹಾಕಿದಾಗಲೂ ಅಷ್ಟೇ. ಜಗತ್ತಿನಲ್ಲಿ ಈ ಅನಿಲದ ಅತಿ ದೊಡ್ಡ ಬಳಕೆ ಯೂರಿಯಾ. ಮಂಗಳೂರಿನ ಪಣಂಬೂರಿನಲ್ಲಿ ಎಂಸಿಎಫ್ ತಯಾರಿಸುವುದೂ ಇದನ್ನೇ: ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಯೂರಿಯಾ. ನಿಮ್ಮ ಮನೆಯ 45 ಕೆ.ಜಿ. ಚೀಲದೊಳಗೆ 33 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡು ಕೂತಿದೆ (ಅಣುತೂಕ 60ರಲ್ಲಿ 44, ಲೆಕ್ಕ ಹಾಕಿ ನೋಡಿ). ಹೊಲಕ್ಕೆ ಚೆಲ್ಲಿ ನೀರು ಬಿಟ್ಟ ಕೆಲವೇ ದಿನಗಳಲ್ಲಿ ಮಣ್ಣಿನ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಗಿಡಕ್ಕೆ ನೈಟ್ರೋಜನ್, ಗಾಳಿಗೆ ಇಂಗಾಲದ ಡೈಆಕ್ಸೈಡ್. ಯೂರಿಯಾ ನಮಗೆ ಬೇಕೇ ಬೇಕು, ಆದರೆ ಅದನ್ನು ಕಾರ್ಬನ್ ಬಚ್ಚಿಡುವ ಪೆಟ್ಟಿಗೆ ಎಂದು ಯಾರೂ ಹೇಳಬಾರದು.

ನಿಜವಾದ ಪೆಟ್ಟಿಗೆ ಕಲ್ಲು. ಈದ್ ಮುಂಚೆ ಮನೆಗೆ ಸುಣ್ಣ ಹಚ್ಚುತ್ತೀರಿ. ಹಸಿ ಇದ್ದಾಗ ಮುಟ್ಟಿದರೆ ಕೈಗೆ ಹತ್ತುತ್ತದೆ, ಕೆಲವು ದಿನಗಳ ಮೇಲೆ ಗೋಡೆಗೇ ಕಚ್ಚಿಕೊಳ್ಳುತ್ತದೆ. ಆ ನಡುವೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗಿರುತ್ತದೆ. ಹದಿನೇಳನೆಯ ಶತಮಾನದ ಆದಿಲಶಾಹಿ ಕುಶಲಕರ್ಮಿಗಳು ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಸುಣ್ಣದ ಗಚ್ಚಿನಿಂದ. ಅಂದು ಆ ಗಚ್ಚು ಹೀರಿದ ಇಂಗಾಲ ಮೂರೂವರೆ ಶತಮಾನದ ಮೇಲೂ ಆ ಗೋಡೆಗಳಲ್ಲೇ ಇದೆ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು: ಸುಣ್ಣದ ಕಲ್ಲನ್ನು ಸುಟ್ಟಾಗ ಅಷ್ಟೇ ಅನಿಲ ಹೊರಬಂದಿತ್ತು. ಗಚ್ಚು ತೆಗೆದುಕೊಂಡದ್ದು ತನ್ನದನ್ನೇ ವಾಪಸು.

ಇದೇ ಮಾತು ಸಿಮೆಂಟಿಗೆ ಬಂದಾಗ ನಮ್ಮ ಮುಧೋಳ ತಾಲ್ಲೂಕಿಗೆ ನೇರ ಸಂಬಂಧ ಬರುತ್ತದೆ. ಮುದ್ದಾಪುರದಲ್ಲಿ ಜೆಕೆ ಸಿಮೆಂಟ್ ಕಾರ್ಖಾನೆ ಇದೆ, ಕಾರಣ ಅಲ್ಲಿನ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುವ ಈ ಪದರಗಳು ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಕೂತವು. ನೂರು ಕೆ.ಜಿ. ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕೆ.ಜಿ. ಸುಟ್ಟಸುಣ್ಣ, 44 ಕೆ.ಜಿ. ಇಂಗಾಲದ ಡೈಆಕ್ಸೈಡ್. ಕುಲುಮೆಯನ್ನು ಕಲ್ಲಿದ್ದಲು ಬಿಟ್ಟು ಸೂರ್ಯನ ಶಾಖದಲ್ಲೇ ಕಾಯಿಸಿದರೂ ಈ 44 ತಪ್ಪುವುದಿಲ್ಲ, ಅದು ಬರುವುದು ಕಲ್ಲಿನೊಳಗಿನಿಂದ. ಜಗತ್ತಿನ ಯಾವ ಸಿಮೆಂಟ್ ಕಾರ್ಖಾನೆಗೂ ಈ ಕಷ್ಟ ಇದ್ದದ್ದೇ. ವಿದ್ಯುತ್ತಿಗೆ ಸೋಲಾರ್ ಇದೆ, ಪೆಟ್ರೋಲಿಗೆ ಬ್ಯಾಟರಿ ಇದೆ. ಸಿಮೆಂಟಿಗೆ ಹಾಗೆ ಸುಲಭದ ಬದಲಿ ಇಲ್ಲ. ಆದ್ದರಿಂದ ಚಿಮಣಿಯಿಂದ ಹಿಡಿಯಲೇಬೇಕಾದ ಜಾಗ ಯಾವುದು ಎಂದರೆ ನಾನು ಸಿಮೆಂಟ್ ಎನ್ನುತ್ತೇನೆ, ಎಷ್ಟೇ ಖರ್ಚಾದರೂ.

ಹಿಡಿದದ್ದನ್ನು ಮತ್ತೆ ಕಾಂಕ್ರೀಟಿಗೇ ಸೇರಿಸುವ ಉಪಾಯವೂ ಇದೆ. ಹಸಿ ಕಾಂಕ್ರೀಟಿಗೆ ಇಂಗಾಲದ ಡೈಆಕ್ಸೈಡ್ ಊದಿದರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಸಣ್ಣ ಸುಣ್ಣದ ಹರಳುಗಳಾಗುತ್ತದೆ, ಕಾಂಕ್ರೀಟಿಗೆ ಬಲ ಬರುತ್ತದೆ. ಅಷ್ಟರ ಮಟ್ಟಿಗೆ ಸಿಮೆಂಟ್ ಕಡಿಮೆ ಹಾಕಬಹುದು. ದೊಡ್ಡ ಉಳಿತಾಯ ಆಗುವುದು ಈ ಕಡಿಮೆ ಹಾಕುವುದರಿಂದಲೇ. 2021ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ಎರಡು ಮುಖ್ಯ ಬಹುಮಾನಗಳೂ ಕಾಂಕ್ರೀಟ್ ಮಾಡಿದವರಿಗೇ ಹೋದವು: ಕೆನಡಾದ ಕಾರ್ಬನ್‌ಕ್ಯೂರ್ ಮತ್ತು ಅಮೆರಿಕದ ಕಾರ್ಬನ್‌ಬಿಲ್ಟ್. ಒಂದು ಕಡೆ ಶುದ್ಧ ಗ್ಯಾಸ್ ಬಿಡುವ ಡಿಸ್ಟಿಲರಿ, ಇನ್ನೊಂದು ಕಡೆ ಸಿಮೆಂಟ್, ನಡುವೆ ಊರೂರಿಗೂ ಬ್ಲಾಕ್ ಇಟ್ಟಿಗೆ ಮಾಡುವ ಸಣ್ಣ ಘಟಕಗಳು. ಇವೆಲ್ಲ ಒಂದೇ ತಾಲ್ಲೂಕಿನಲ್ಲಿ ಸಿಗುವ ಜಾಗ ಎಷ್ಟಿವೆ? ಇಂಜಿನಿಯರಿಂಗ್ ಓದಬೇಕೆಂದಿರುವ ನಮ್ಮ ಮಕ್ಕಳು ಈ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಲಿ.

ಇದೇ ಎಕ್ಸ್‌ಪ್ರೈಜ್ ಸ್ಪರ್ಧೆಯಲ್ಲಿ ಕರ್ನಾಟಕದ ಹೆಸರೂ ಇತ್ತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ ತಂಡ 'ಬ್ರೀದ್' ಎಂಬ ಹೆಸರಿನಲ್ಲಿ 2018ರಲ್ಲಿ ಅಂತಿಮ ಸುತ್ತಿಗೆ ಆಯ್ಕೆಯಾಗಿತ್ತು. ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಮಾಡುವ ವೇಗವರ್ಧಕ ಅವರದು. 2022ರಲ್ಲಿ ಕೇಂದ್ರ ಸರ್ಕಾರ ಈ ವಿಷಯಕ್ಕೆಂದೇ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿತು. ಒಂದು ಮುಂಬೈ ಐಐಟಿಯಲ್ಲಿ, ಇನ್ನೊಂದು ಇದೇ ಜಕ್ಕೂರಿನಲ್ಲಿ. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ ದಿನಕ್ಕೆ 20 ಟನ್ ಹಿಡಿದು 10 ಟನ್ ಮೆಥನಾಲ್ ಮಾಡುವ ಘಟಕ ಕಟ್ಟಿದೆ.

ಪತ್ರಿಕೆಗಳಲ್ಲಿ ಹೆಚ್ಚು ಮೆಚ್ಚುಗೆ ಸಿಗುವುದು ಈ ಮೆಥನಾಲಿಗೆ. "ಹೊಗೆಯಿಂದ ಇಂಧನ" ಎಂದರೆ ಕಿವಿಗೆ ಇಂಪು. ಆದರೆ ಎರಡನೆಯ ಪ್ರಶ್ನೆ, ಶಕ್ತಿಯ ಪ್ರಶ್ನೆ, ಇಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಎಂದರೆ ಉರಿದು ಮುಗಿದ ಕಾರ್ಬನ್, ಒಲೆಯ ಬೂದಿ ಇದ್ದಂತೆ. ಬೂದಿಯನ್ನು ಮತ್ತೆ ಕಟ್ಟಿಗೆ ಮಾಡಬೇಕೆಂದರೆ ಉರಿದಾಗ ಸಿಕ್ಕದ್ದಕ್ಕಿಂತ ಹೆಚ್ಚು ಶಕ್ತಿ ತುಂಬಬೇಕು. ಒಂದು ಟನ್ ಮೆಥನಾಲಿಗೆ 1.375 ಟನ್ ಇಂಗಾಲದ ಡೈಆಕ್ಸೈಡ್ ಮತ್ತು ಸುಮಾರು 190 ಕೆ.ಜಿ. ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು 50 ಯೂನಿಟ್ಟಿಗೂ ಹೆಚ್ಚು ಕರೆಂಟ್ ಹೋಗುತ್ತದೆ. ಹತ್ತಿರ ಹತ್ತಿರ 10,000 ಯೂನಿಟ್ ಖರ್ಚು ಮಾಡಿದ ಮೇಲೆ ಕೈಗೆ ಬರುವ ಒಂದು ಟನ್ ಮೆಥನಾಲಿನಲ್ಲಿ ಇರುವ ಶಕ್ತಿ ಸುಮಾರು 5,500 ಯೂನಿಟ್. ಹತ್ತು ರೂಪಾಯಿ ಕೊಟ್ಟು ಐದೂವರೆ ರೂಪಾಯಿ ಪಡೆದಂತೆ.

ಆ ಕರೆಂಟ್ ಎಲ್ಲಿಂದ ಬಂತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಕಲ್ಲಿದ್ದಲೇ ಹೆಚ್ಚು, ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗ್ರಿಡ್ಡಿನಿಂದಲೇ 10,000 ಯೂನಿಟ್ ಎಳೆದರೆ 7 ಟನ್ ಹೊರಬಿಟ್ಟು 1.375 ಟನ್ ಬಳಸಿದಂತಾಯಿತು. ಸೂರ್ಯ, ಗಾಳಿಯ ಕರೆಂಟ್ ಇದ್ದರೆ ಮಾತು ಬೇರೆ. ಆದರೆ ಹಾಗಿದ್ದಾಗಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಆ ಒಳ್ಳೆಯ ಕರೆಂಟನ್ನು ನೇರವಾಗಿ ಪಂಪ್‌ಸೆಟ್ಟಿಗೋ ಮಗ್ಗಕ್ಕೋ ಕೊಟ್ಟು ಅಷ್ಟು ಕಲ್ಲಿದ್ದಲು ಉಳಿಸುವುದು ಮೇಲಲ್ಲವೇ? ಹಡಗು, ವಿಮಾನಗಳಿಗೆ ಬ್ಯಾಟರಿ ಒಗ್ಗುವುದಿಲ್ಲ. ಅಂಥ ಕಡೆ ಇಂಥ ಇಂಧನ ಬೇಕಾಗಬಹುದು. ನಮ್ಮ ಊರಿನ ಮೋಟಾರ್ ಸೈಕಲ್ಲಿಗೆ ಅದು ದುಬಾರಿ ಸುತ್ತುದಾರಿ.

ರಬಕವಿ-ಬನಹಟ್ಟಿಯ ಮಕ್ಕಳು ತಮ್ಮ ಊರಿಗೆ ಇದರಿಂದೇನು ಎಂದು ಕೇಳಬಹುದು. ಒಂದು ಸಣ್ಣ ಉಪಯೋಗ ಇದೆ, ನನಗೆ ಅದು ಮೆಥನಾಲಿಗಿಂತ ಹೆಚ್ಚು ಇಷ್ಟ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಸೋಡಾ ಆ್ಯಶ್, ಕಾಸ್ಟಿಕ್ ಬಳಸುತ್ತಾರೆ. ಹೊರಬರುವ ಬಣ್ಣದ ನೀರಿನ ಪಿಎಚ್ ಹತ್ತರ ಮೇಲೆ ಇರುತ್ತದೆ. ಅದನ್ನು ತಟಸ್ಥ ಮಾಡಲು ಸಾಮಾನ್ಯವಾಗಿ ಗಂಧಕಾಮ್ಲ ಸುರಿಯುತ್ತಾರೆ. ಆಮ್ಲ ಸ್ವಲ್ಪ ಹೆಚ್ಚಾದರೆ ಪಿಎಚ್ ಎರಡು ಮೂರಕ್ಕೆ ಬೀಳುತ್ತದೆ, ಸುರಿಯುವವರ ಕೈಕಾಲಿಗೂ ಅಪಾಯ. ಅದರ ಬದಲು ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಟ್ಟರೆ ಕ್ಷಾರ ಬೈಕಾರ್ಬನೇಟ್ ಆಗುತ್ತದೆ. ದುರ್ಬಲ ಆಮ್ಲವಾದ್ದರಿಂದ ಅಳತೆ ತಪ್ಪಿದರೂ ನೀರು ಅಷ್ಟು ಕೆಳಗೆ ಇಳಿಯುವುದಿಲ್ಲ. ಬಟ್ಟೆ ಕಾರ್ಖಾನೆಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ. ಬಣ್ಣವನ್ನು ಇದು ತೆಗೆಯುವುದಿಲ್ಲ, ಅದಕ್ಕೆ ಬೇರೆ ಸಂಸ್ಕರಣೆ ಬೇಕು. ನೀರೇ ಇಲ್ಲದೆ ಬಣ್ಣ ಹಾಕುವ ವಿಧಾನವೂ ಬಂದಿದೆ. 31 ಡಿಗ್ರಿಯ ಮೇಲೆ, 74 ಬಾರ್ ಒತ್ತಡದ ಮೇಲೆ ಇಂಗಾಲದ ಡೈಆಕ್ಸೈಡ್ ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲ ಎನ್ನುವ ಸ್ಥಿತಿಗೆ ಹೋಗುತ್ತದೆ, ಬಣ್ಣವನ್ನು ಕರಗಿಸಿ ಎಳೆಯೊಳಗೆ ಒಯ್ಯುತ್ತದೆ. ನೆದರ್‌ಲೆಂಡ್ಸಿನ ಡೈಕೂ ಕಂಪನಿ ಇಂಥ ಯಂತ್ರ ಮಾಡುತ್ತದೆ. ಆದರೆ ಅದು ಪಾಲಿಯೆಸ್ಟರಿಗೆ ಒಗ್ಗಿದಷ್ಟು ಹತ್ತಿಗೆ ಒಗ್ಗಿಲ್ಲ, ಯಂತ್ರದ ಬೆಲೆಯೂ ನೇಕಾರರ ಕೈಗೆ ಎಟುಕುವಂಥದ್ದಲ್ಲ.

ಕೊನೆಗೆ ಒಂದು ಎಚ್ಚರಿಕೆ. ನಿಮ್ಮಲ್ಲಿ ಹಲವರ ತಂದೆ, ಅಣ್ಣಂದಿರು ಈ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ, ನಾಳೆ ನೀವೂ ಕೆಲಸಕ್ಕೆ ಹೋಗಬಹುದು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇದ್ದವು. ತುಂಬಾ ದಿನ ಮುಚ್ಚಿದ್ದ ಹಗೇವನ್ನು ತೆರೆದ ಕೂಡಲೇ ಹಿರಿಯರು ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಕಂದೀಲು ಆರಿದರೆ ಆ ದಿನ ಜೋಳ ತೆಗೆಯುವ ಮಾತಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂತಿರುತ್ತದೆ. ಹುದುಗು ಟ್ಯಾಂಕಿನ ತಳವೂ ಹಾಗೇ. ಕೆಲಸದ ಜಾಗದಲ್ಲಿ ಎಂಟು ತಾಸಿಗೆ ಸುರಕ್ಷಿತ ಎಂದು ಒಪ್ಪಿರುವ ಮಿತಿ ಗಾಳಿಯ ನೂರರಲ್ಲಿ ಅರ್ಧ ಪಾಲು. ನಾಲ್ಕು ಪಾಲು ಆದರೆ ಪ್ರಾಣಕ್ಕೆ ಅಪಾಯ, ಹತ್ತು ಪಾಲು ಆದರೆ ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಟ್ಯಾಂಕಿನಲ್ಲಿ ಒಬ್ಬರು ಕುಸಿದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೇ ಇಳಿಯುತ್ತಾರೆ, ಇಂಥ ಅವಘಡಗಳಲ್ಲಿ ಎರಡು ಮೂರು ಜೀವ ಹೋಗುವುದು ಹಾಗೆಯೇ. ಟ್ಯಾಂಕ್ ತೊಳೆಯಲು ಇಳಿಯುವ ಮೊದಲು ಬ್ಲೋವರಿನಿಂದ ಗಾಳಿ ಊದಬೇಕು, ಮೀಟರ್ ಇಳಿಬಿಟ್ಟು ಅಳೆಯಬೇಕು, ಇಳಿಯುವವರ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಒಬ್ಬರು ಕಾಯುತ್ತಿರಬೇಕು. ಮನೆಯಲ್ಲಿ ಯಾರಾದರೂ ಡಿಸ್ಟಿಲರಿಯಲ್ಲಿ ಕೆಲಸ ಮಾಡುತ್ತಿದ್ದರೆ, ಈ ನಾಲ್ಕರಲ್ಲಿ ಅಲ್ಲಿ ಎಷ್ಟು ನಡೆಯುತ್ತವೆ ಎಂದು ಇಂದು ಸಂಜೆಯೇ ಕೇಳಿ.